ನಿಂತವರನ್ನು ಕೇಳುವಂತಿಲ್ಲ

ಮನುಷ್ಯ ತನ್ನ ಹಿಂಬದಿಯನ್ನು ತಾನೇ ನೋಡಿಕೊಳ್ಳುವ ಅನುಕೂಲವನ್ನು ಸೃಷ್ಟಿಸಿದವನು ಯಾಕೆ ಮಾಡಿಕೊಡಲಿಲ್ಲವೋ ಎಂದು ದನದ ಡಾಕ್ಟರ, ಬಚ್ಚಲಮನೆಯಲ್ಲಿ ಒಂದು ಕಾಲನ್ನು ಬಕೆಟ್ಟಿನ ಅಂಚಿಗೆ ಏರಿಸಿ, ಗಡ್ಡ ಹೆರೆಯುವ ಕನ್ನಡಿಯನ್ನು ಬೆನ್ನ ಹಿಂದೆ ಹಿಡಿದು, ಕತ್ತು ತಿರುಚಿಕೊಂಡು ಯೋಚಿಸುತ್ತಿದ್ದ. ಹಸುವಿಗೆ ಈ ಪಾಡಿಲ್ಲ. ಕತ್ತು ಹೊರಳಿಸಿದರೆ ಅದರ ನಾಲಿಗೆ ಪಕ್ಕೆ ದಾಟಿ ಎಲ್ಲೆಲ್ಲಿಗೋ ಹೋಗುತ್ತದೆ. ಕನ್ನಡಿಯಲ್ಲಿ ಮೊದಲು ಗೋಡೆಯ ಬಲ್ಬು ಕಂಡಿತು, ಆಮೇಲೆ ಅವನದೇ ಕಿವಿ, ಕೊನೆಗೆ ಎಡಗಡೆಯ ಕುಂಡೆಯ ಮೇಲೆ ಅದು. ಸುತ್ತ ಕೆಂಪು, ನಡುವೆ ಹಳದಿ ಮೂತಿ, ಅಂಚಿನಲ್ಲಿ ಒಂದಿಷ್ಟು ನೇರಳೆ. ನಿನ್ನೆ ಮೊನ್ನೆ ಸ್ವಾತಂತ್ರ್ಯ ಪಡೆದ ಯಾವುದೋ ಸಣ್ಣ ದೇಶದ ಬಾವುಟದ ಹಾಗೆ. ಅವನು ಹಸುವಿನ ಕೆಚ್ಚಲಿಗೆ ಹಚ್ಚುವ ಮುಲಾಮನ್ನು ಬೆರಳಿಗೆ ತೆಗೆದುಕೊಂಡ. ಪಶುಗಳಿಗೆ ಮಾತ್ರ ಎಂದು ಕೊಳವೆಯ ಮೇಲೆ ಬರೆದಿತ್ತು. ವಾರದಿಂದ ಹಚ್ಚುತ್ತಿದ್ದ. ಮನುಷ್ಯರ ಡಾಕ್ಟರ ಹತ್ತಿರ ಹೋಗಬಹುದಿತ್ತು. ಆದರೆ ಅಲ್ಲಿಯ ನರ್ಸು ಹೆಂಡತಿಯ ಚಿಕ್ಕಪ್ಪನ ಮಗಳು, ಅವಳಿಗೆ ತೋರಿಸಿದ್ದು ಸಂಜೆಯೊಳಗೆ ಊರಿಗೆಲ್ಲ ತೋರಿಸಿದಂತೆ. ಐದೂರಿನ ಹಸುಗಳ ಹಿಂಭಾಗಕ್ಕೆ ಭುಜದವರೆಗೂ ಕೈ ಹಾಕಿದವನು, ಯಾವ ಹಸುವಿನ ನಾಚಿಕೆಯನ್ನೂ ಒಮ್ಮೆಯೂ ಲೆಕ್ಕಕ್ಕೆ ತೆಗೆದುಕೊಳ್ಳದವನು, ಈಗ ತನ್ನ ಸರದಿ ಬಂದಾಗ ಬಾಗಿಲಿಗೆ ಚಿಲಕ ಹಾಕಿಕೊಂಡಿದ್ದ.

“ಏನ್ರೀ, ಒಳಗೇ ಸಂಸಾರ ಹೂಡಿಬಿಟ್ರಾ?” ಎಂದಳು ಹೆಂಡತಿ ಹೊರಗಿನಿಂದ. ಅವಳಿಗೊಬ್ಬಳಿಗೇ ವಿಷಯ ಗೊತ್ತು. ರಾತ್ರಿ ಬಿಸಿನೀರಿನ ಬಟ್ಟೆ ಒತ್ತಿದವಳು ಅವಳೇ. ಒತ್ತುತ್ತಾ ನಕ್ಕಿದ್ದಳು, ನಕ್ಕಿದ್ದಕ್ಕೆ ಇವನು ಮುನಿಸಿಕೊಂಡಿದ್ದ, ಮುನಿಸಿಕೊಂಡು ಬೋರಲು ಮಲಗಿದವನಿಗೆ ಮುಖ ತಿರುಗಿಸುವ ದಾರಿಯೂ ಇರಲಿಲ್ಲ. ಇನ್ನೆರಡು ದಿನ ಹಣ್ಣಾಗಬೇಕು, ಈಗ ಒತ್ತಿದರೆ ಒಳಕ್ಕೇ ಒಡೆಯುತ್ತೆ ಎಂದಿದ್ದಳು. ಎರಡು ದಿನ ಎಲ್ಲಿದೆ. ಇವತ್ತೇ ಐದೂರಿನ ಕೂಟ. ಕೂಟದಲ್ಲಿ ಕೂರಬೇಕು. ಕೂರುವುದೆಂದರೆ ಕುರ್ಚಿಯಲ್ಲಲ್ಲ, ಚಾಪೆಯ ಮೇಲಲ್ಲ. ಬರೀ ನೆಲದ ಮೇಲೆ, ಚಕ್ಕಂಬಕ್ಕಳ ಹಾಕಿ, ಹುಲ್ಲಿಗೂ ಕುಂಡೆಗೂ ನಡುವೆ ಬಟ್ಟೆಯೊಂದನ್ನು ಬಿಟ್ಟು ಇನ್ನೇನೂ ಇರದಂತೆ. ಆ ನಿಯಮವನ್ನು ಮಾಡಿದ ಪೂರ್ವಿಕರಿಗೆ ಒಬ್ಬರಿಗಾದರೂ ಕುರು ಎದ್ದಿರಲಿಲ್ಲವೇ ಎಂದು ಅವನು ಪ್ಯಾಂಟನ್ನು ಮೆಲ್ಲಗೆ ಏರಿಸುತ್ತಾ ಕೇಳಿಕೊಂಡ.

ಮೋಟಾರು ಬೈಕು ಹತ್ತುವ ಮಾತೇ ಇರಲಿಲ್ಲ, ನಡೆದೇ ಹೊರಟರು. ಹೆಂಡತಿ ಮುಂದೆ, ಇವನು ಕಾಲು ಅಗಲಿಸಿ ಹಿಂದೆ. ಹುಲ್ಲುಗಾವಲಿಗೆ ಹೋಗುವ ಏರಿನಲ್ಲಿ ಕಬ್ಬಿಣದ ಕಂಬಗಳನ್ನು ರಾಶಿ ಹಾಕಿದ್ದರು, ಪಕ್ಕದಲ್ಲಿ ಮುಳ್ಳುತಂತಿಯ ಸುರುಳಿಗಳು. ಹುಲ್ಲುಗಾವಲಿನ ನಡುವೆ ಸುಣ್ಣ ಬಳಿದ ಕಲ್ಲುಗಳ ಒಂದು ಸಾಲು ಹಿಂದಿನಿಂದಲೂ ಇತ್ತು. ಕಲ್ಲಿನ ಈಚೆ ಈ ದೇಶ, ಆಚೆ ಆ ದೇಶ. ಈಚೆಯ ಮೂರು ಊರು, ಆಚೆಯ ಎರಡು ಊರು, ಐದೂರಿನ ದನಗಳೂ ಆ ಕಲ್ಲುಗಳಿಗೆ ಮೈ ಉಜ್ಜಿಕೊಂಡು ಸುಣ್ಣವನ್ನೆಲ್ಲ ತಮ್ಮ ಪಕ್ಕೆಗೆ ಬಳಿದುಕೊಂಡಿದ್ದವು. ಈಗ ಎರಡು ಸರ್ಕಾರಗಳೂ ಬೇರೆ ಯಾವುದರಲ್ಲೂ ಒಮ್ಮತಕ್ಕೆ ಬಾರದಿದ್ದರೂ ಬೇಲಿಯ ವಿಷಯದಲ್ಲಿ ಬಂದಿದ್ದವು. ನಾಳೆ ಬೆಳಿಗ್ಗೆ ಗುಂಡಿ ತೋಡಲು ಶುರು. ನೀರಿರುವುದು ಆಚೆ, ನೆರಳಿರುವುದು ಈಚೆ. ಬೇಲಿ ಬಿದ್ದರೆ ಒಂದು ಕಡೆಯ ದನ ಬಾಯಾರಿ ಸಾಯಬೇಕು, ಇನ್ನೊಂದು ಕಡೆಯದು ಬಿಸಿಲಿಗೆ. ಅದನ್ನು ತಪ್ಪಿಸಲು ಇದ್ದದ್ದು ಒಂದೇ ದಾರಿ, ಆ ದಾರಿಯನ್ನು ತಂದವಳು ಲೋಕದಮ್ಮ. ಅವಳ ನಿಜವಾದ ಹುದ್ದೆ, ಸಮಸ್ತ ಮಾನವಕುಲದ ಸಾಮಾನ್ಯ ನೆಲಜಲಗಳ ಸಂರಕ್ಷಣಾ ಮಹಾಮಂಡಳಿಯ ಪ್ರಾದೇಶಿಕ ಸಂಯೋಜಕಿ. ಒಂದೇ ಉಸಿರಿಗೆ ಹೇಳಲಾಗದೆ ಜನ ಲೋಕದಮ್ಮ ಎಂದರು, ಅವಳೂ ಓಗೊಟ್ಟಳು. ಐದೂರು ಒಂದೇ ಬಾಯಲ್ಲಿ ಒಪ್ಪಿದರೆ ಹುಲ್ಲುಗಾವಲು ಯಾವ ದೇಶದ್ದೂ ಅಲ್ಲದೆ ಇಡೀ ಲೋಕದ ಆಶ್ರಯಕ್ಕೆ ಬರುತ್ತದೆ, ಬೇಲಿ ನಿಲ್ಲುತ್ತದೆ. ಇವತ್ತು ಒಪ್ಪದಿದ್ದರೆ ನಾಳೆ ಗುಂಡಿ.

ಆ ಒಪ್ಪಂದವನ್ನು ಮನೆಮನೆಯ ಜಗಲಿಯಲ್ಲಿ ಕೂತು, ಆಗ ಇನ್ನೂ ಕೂರಲು ಬರುತ್ತಿತ್ತು, ಜನಕ್ಕೆ ಬಿಡಿಸಿ ಹೇಳಿದವನು ದನದ ಡಾಕ್ಟರನೇ. ಈಚೆಯ ಸರ್ಕಾರದ ಸಂಬಳ ತಿನ್ನುವವನು, ಕೂಟದಲ್ಲಿ ಅಪ್ಪನಿಂದ ಬಂದ ಜಾಗ ಉಳ್ಳವನು, ಲೋಕದಮ್ಮನಿಗೆ ಬೇಕಾದವನು. ಮೂರು ಹಗ್ಗಕ್ಕೆ ಒಂದೇ ಗೂಟ. ಲೋಕದಮ್ಮ ಅವನನ್ನೂ ಆಚೆಯ ಊರಿನಿಂದ ಅವನ ಭಾವನನ್ನೂ, ಅಂದರೆ ಅಕ್ಕನ ಗಂಡನನ್ನು, ಒಮ್ಮೆ ದೂರದ ನಗರದ ದೊಡ್ಡ ಸಭೆಗೆ ಕರೆಸಿಕೊಂಡಿದ್ದಳು. ಒಂದೇ ವ್ಯಾನಿನಲ್ಲಿ ಒಬ್ಬರ ಹೆಗಲ ಮೇಲೊಬ್ಬರು ನಿದ್ದೆ ಮಾಡಿ ಹೋದವರನ್ನು ಅಲ್ಲಿ ಅಕ್ಷರಕ್ರಮದ ಪ್ರಕಾರ ಸಭಾಂಗಣದ ಎರಡು ತುದಿಗೆ ಕೂರಿಸಿದರು. ಮುಂದೆ ದೇಶದ ಹೆಸರಿನ ಫಲಕ. ತಾನು ಹುಲ್ಲುಗಾವಲಿನ ಪರವಾಗಿ ಬಂದಿದ್ದೇನೆಂದು ಹೇಳಲು ಹೋದರೆ ಆ ಹೆಸರಿನ ಫಲಕ ತಮ್ಮಲ್ಲಿಲ್ಲ ಎಂದರು. ಊಟದ ಚೀಟಿಗಳ ಬಣ್ಣವೂ ಬೇರೆ. ಭಾವ ತಟ್ಟೆ ಹಿಡಿದುಕೊಂಡು ಇವನ ಸಾಲಿಗೆ ಬಂದಾಗ ಒಬ್ಬ ಹುಡುಗಿ ನಗುನಗುತ್ತಾ ತೋಳು ಹಿಡಿದು ತಿರುಗಿಸಿ ಕಳಿಸಿದಳು. ಭಾವ ಆಮೇಲೆ ಅದನ್ನು ಹೇಳಿಕೊಂಡು ನಗುತ್ತಿದ್ದ. ಇವನಿಗೆ ನಗು ಬಂದಿರಲಿಲ್ಲ, ಯಾಕೆಂದರೆ ಆ ಫಲಕದ ಹಿಂದೆ ಕೂತಿದ್ದಷ್ಟು ಹೊತ್ತು ಬೆನ್ನು ತಾನಾಗಿಯೇ ನೆಟ್ಟಗಾಗಿತ್ತು, ಸುಖವಾಗಿತ್ತು. ಹೊರಡುವಾಗ ಲೋಕದಮ್ಮ ಕೈ ಕುಲುಕಿ, ಒಪ್ಪಂದವಾದ ಮೇಲೆ ತಮಗೆ ಇಲ್ಲಿಯವರೇ ಆದ ಒಬ್ಬ ತಜ್ಞರು ಬೇಕಾಗುತ್ತಾರೆ, ನೀವಿದ್ದೀರಲ್ಲ ಎಂದಿದ್ದಳು. ಅದನ್ನು ಅವನು ಹೆಂಡತಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಹೆಂಡತಿ ಒಳ್ಳೆಯದು ಎಂದಿದ್ದಳು, ಅವಳು ಒಳ್ಳೆಯದು ಎನ್ನುವ ರೀತಿಯಲ್ಲಿ.

ಅವರು ಹೋಗುವ ಹೊತ್ತಿಗೆ ಐದೂರಿನ ದೊಡ್ಡವರೆಲ್ಲ, ಹಸು ಕಟ್ಟಿದ ಮನೆಯ ಗಂಡಸರು ಹೆಂಗಸರು, ಸೇರಿದ್ದರು. ಕೂಟ ಸೇರುವುದು ಯಾವಾಗಲೂ ಕಲ್ಲಿನ ಸಾಲಿಗೆ ಅಡ್ಡಲಾಗಿ, ವರ್ತುಲವಾಗಿ, ಅರ್ಧ ಈ ದೇಶದಲ್ಲಿ ಅರ್ಧ ಆ ದೇಶದಲ್ಲಿ. ಈಚೆಯ ಗಡಿ ಸಾಹೇಬ ಈಚೆ ನಿಂತಿದ್ದ, ಆಚೆಯವನು ಆಚೆ. ಸಮವಸ್ತ್ರದ ಬಣ್ಣ ಬೇರೆ, ಮೀಸೆ ಒಂದೇ. ಇಬ್ಬರೂ ಪರಸ್ಪರ ಮಾತಾಡುವಂತಿರಲಿಲ್ಲ, ಆದರೆ ಬೆಂಕಿಪೊಟ್ಟಣ ಕಲ್ಲಿನ ಮೇಲಿಂದ ಅತ್ತಿಂದಿತ್ತ ಹೋಗುತ್ತಿತ್ತು. ಲೋಕದಮ್ಮ ಮಡಿಸುವ ಕುರ್ಚಿಯೊಂದನ್ನು ಎಲ್ಲಿ ಹಾಕುವುದೆಂದು ತಿಳಿಯದೆ ಕೊನೆಗೆ ಎರಡು ಕಾಲು ಈಚೆ ಎರಡು ಕಾಲು ಆಚೆ ಇರುವಂತೆ ಹಾಕಿಕೊಂಡಳು, ಕುರ್ಚಿ ಅಲ್ಲಾಡುತ್ತಿತ್ತು. ಮೊದಲು ಮಾತು. ಮಾತಿನ ಹೊತ್ತಿನಲ್ಲಿ ಯಾರು ಬೇಕಾದರೂ ಕೂರಬಹುದು, ನಿಲ್ಲಬಹುದು, ಅಡ್ಡಾಡಬಹುದು, ಆದ್ದರಿಂದ ಡಾಕ್ಟರ ನೆಮ್ಮದಿಯಾಗಿ ಅಡ್ಡಾಡಿದ. ಈಚೆಯ ಸಾಹೇಬ, ದೇಶ ಅಂದಮೇಲೆ ಒಂದು ಗೆರೆ ಇರಲೇಬೇಕು, ಗೆರೆ ಇಲ್ಲದ ದೇಶ ಅಂಡಿಲ್ಲದ ಕೊಡದ ಹಾಗೆ, ಎಷ್ಟು ತುಂಬಿದರೂ ನಿಲ್ಲೋದಿಲ್ಲ ಎಂದ. ಲೋಕದಮ್ಮ ಎದ್ದು, ಹುಲ್ಲು ಹಕ್ಕಿ ನೀರು ಇವೆಲ್ಲ ಮನುಷ್ಯಕುಲಕ್ಕೇ ಸೇರಿದ್ದು, ಹುಟ್ಟದೇ ಇರುವ ಮಕ್ಕಳಿಗೂ ಇದರಲ್ಲಿ ಪಾಲಿದೆ ಎಂದಳು. ಹುಟ್ಟಿರೋರಿಗೆ ಎಷ್ಟು ಪಾಲು ಅಂತ ಹೇಳಿ ತಾಯಿ, ಮಿಕ್ಕಿದ್ದು ಆಮೇಲೆ ನೋಡೋಣ ಎಂದು ಯಾರೋ ಅಂದರು. ಭಾವ ತನ್ನ ಹಳೆಯ ರಾಗ ತೆಗೆದ: ಈ ಎರಡು ದೇಶವೂ ಇಲ್ಲದೆ ಒಂದೇ ಚಕ್ರವರ್ತಿ ಆಳುತ್ತಿದ್ದ ಕಾಲದಲ್ಲಿ ಎಷ್ಟು ಸುಖವಿತ್ತು, ಒಬ್ಬನ ಕೈಯಲ್ಲಿ ಎಲ್ಲ ಇದ್ದರೆ ಜಗಳವೇ ಇಲ್ಲ. ಕೂಟದ ಹಿರಿಯಳು, ಐದೂರಿಗೂ ದೊಡ್ಡಮ್ಮ, ಬೊಚ್ಚುಬಾಯಿ ತೆರೆದು ನಕ್ಕಳು.

“ಚಕ್ರವರ್ತಿಗೆ ಈ ಹುಲ್ಲುಗಾವಲು ಇದೆ ಅಂತಾನೇ ಗೊತ್ತಿರ್ಲಿಲ್ಲ ಕಣಪ್ಪ. ಅದಕ್ಕೇ ಅವನ ಆಳ್ವಿಕೆ ಅಷ್ಟು ಚೆನ್ನಾಗಿತ್ತು.”

ಆಮೇಲೆ ಅವಳು ಕೈಯಲ್ಲಿದ್ದ ಕೋಲನ್ನು ಕಲ್ಲಿಗೆ ಅಡ್ಡವಾಗಿ ನೆಲದ ಮೇಲೆ ಮಲಗಿಸಿದಳು. ಮಾತು ಮುಗಿಯಿತು ಎಂದು ಅರ್ಥ. ಇನ್ನು ಒಪ್ಪುವವರು ಕೂರಬೇಕು. ಕೈ ಎತ್ತುವುದು, ಎಣಿಸುವುದು, ಅರ್ಧಕ್ಕಿಂತ ಹೆಚ್ಚು ಕಡಿಮೆ, ಇದೆಲ್ಲ ಕೂಟದಲ್ಲಿಲ್ಲ. ಒಬ್ಬರು ನಿಂತರೂ ತೀರ್ಮಾನವಿಲ್ಲ. ನಿಂತವರನ್ನು ಯಾಕೆ ನಿಂತೆ ಎಂದು ಕೇಳುವಂತಿಲ್ಲ; ಕೇಳಿದರೆ ಒತ್ತಾಯ ಮಾಡಿದಂತೆ. ಅವರಾಗಿ ಹೇಳಬೇಕು, ಇಲ್ಲ ಅವರಾಗಿ ಕೂರಬೇಕು, ಅಲ್ಲಿಯವರೆಗೆ ಕೂಟ ಏಳುವಂತಿಲ್ಲ, ಯಾರೂ ಮನೆಗೆ ಹೋಗುವಂತಿಲ್ಲ. ಎಷ್ಟೋ ವರ್ಷಗಳಿಂದ ಪ್ರತಿ ಕೂಟದಲ್ಲೂ ಯಾವುದಾದರೊಂದಕ್ಕೆ ನಿಲ್ಲುತ್ತಾ ಬಂದ ಮುದುಕನೊಬ್ಬನಿದ್ದ, ಜನ ಅವನನ್ನು ತಕರಾರು ತಾತ ಎನ್ನುತ್ತಿದ್ದರು, ಎಲ್ಲರ ಕಣ್ಣೂ ಅವನ ಮೇಲಿತ್ತು. ಅವನು ಮೊಣಕಾಲು ಲಟಲಟ ಎನ್ನಿಸುತ್ತಾ ಕೂತುಬಿಟ್ಟ. ಐದೂರೂ ಒಮ್ಮೆಲೇ ಉಸಿರು ಬಿಟ್ಟಿತು. ಲೋಕದಮ್ಮನ ಮುಖ ಅರಳಿತು. ಭಾವ ಕೂತ, ಅಕ್ಕ ಕೂತಳು, ಹೆಂಗಸರ ಸಾಲಿನಲ್ಲಿ ಹೆಂಡತಿ ಕೂತಳು. ಡಾಕ್ಟರನೂ ಕೂರಲು ಹೊರಟ. ಎರಡೂ ಕೈಯನ್ನು ಮಂಡಿಗೆ ಕೊಟ್ಟು, ಬಲಗಡೆಗೆ ವಾಲಿ, ಬಲಗಡೆಯ ಕುಂಡೆಯೊಂದರ ಮೇಲೇ ಲೋಕವನ್ನು ನಿಭಾಯಿಸಬಹುದೆಂದು ಲೆಕ್ಕ ಹಾಕಿ, ಅರ್ಧಕ್ಕೆ ಇಳಿದ. ಪ್ಯಾಂಟು ಬಿಗಿಯಿತು. ಕಾದ ಸೂಜಿಯೊಂದು ಸೊಂಟದಿಂದ ನೆತ್ತಿಯವರೆಗೆ ಹೋದಂತಾಗಿ ಅವನು ಹಲ್ಲು ಕಚ್ಚಿ, ಕಣ್ಣು ಕೆಂಪಗೆ ಮಾಡಿ, ಸಟ್ಟನೆ ಎದ್ದು ನಿಂತ. ನೋಡಿದವರಿಗೆ ಅದು ನೋವೆಂದು ಕಾಣಲಿಲ್ಲ. ಕೂರಬೇಕೆಂದು ಬಂದವನೊಬ್ಬ ಕೊನೆಯ ಗಳಿಗೆಯಲ್ಲಿ ರೋಷ ತಡೆಯಲಾರದೆ ಎದ್ದಂತೆ ಕಂಡಿತು.

ಎಲ್ಲರೂ ಕೂತಿದ್ದಾರೆ, ಒಬ್ಬನೇ ನಿಂತಿದ್ದೇನೆ ಎಂಬುದು ಅವನ ಬುದ್ಧಿಗೆ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಇಷ್ಟು ಜನರ ತಲೆಗಳನ್ನು ಅವನು ಮೇಲಿನಿಂದ ಯಾವತ್ತೂ ನೋಡಿರಲಿಲ್ಲ; ಎಷ್ಟು ಬೋಳು, ಎಷ್ಟು ಬೈತಲೆ. ಯಾರೂ ಏನೂ ಕೇಳಲಿಲ್ಲ. ಕೇಳುವಂತಿರಲಿಲ್ಲ. ಕೇಳಬಾರದು ಎಂದು ಮಾಡಿದ ಪುಣ್ಯಾತ್ಮರು ನಿಂತವನಿಗೆ ದಯೆ ತೋರಿಸಿದ್ದೇವೆ ಎಂದುಕೊಂಡಿರಬೇಕು. ಒಬ್ಬರು ಕೇಳಿದ್ದರೆ ಸಾಕಿತ್ತು, ಕಿವಿಯಲ್ಲಿ ಪಿಸುಗುಟ್ಟಿ ಮುಗಿಸಬಹುದಿತ್ತು. ಈಗ ತಾನಾಗಿ ಗಂಟಲು ಸರಿಮಾಡಿಕೊಂಡು, ಎರಡು ರಾಷ್ಟ್ರ ಒಂದು ಲೋಕದ ಮುಂದೆ, ಮಾನ್ಯರೇ ನನ್ನ ಕುಂಡೆಯ ಮೇಲೆ ಎಂದು ಆರಂಭಿಸಬೇಕು. ಅಪ್ಪ ಒಮ್ಮೆ ಹೀಗೆ ನಿಂತಿದ್ದ, ಇವನು ಅವನ ಕೈ ಹಿಡಿದು ಪಕ್ಕದಲ್ಲಿ. ಮೇಲಿನ ದಿಬ್ಬವನ್ನು ಯಾರಿಗೋ ಗುತ್ತಿಗೆ ಕೊಡುವ ಮಾತು. ಹಾಲು ಕರೆಯುವ ಹೊತ್ತಾಗಿ ಹಸುಗಳು ಕೂಗಿಕೊಳ್ಳತೊಡಗಿದಾಗ, ಕೂತವರೆಲ್ಲ ಹಸುಗಳ ಕಡೆಗೊಮ್ಮೆ ಅಪ್ಪನ ಕಡೆಗೊಮ್ಮೆ ನೋಡತೊಡಗಿದಾಗ, ಅಪ್ಪ ಕೂತುಬಿಟ್ಟ. ಅಪ್ಪನ ಕಾರಣ ಏನಿತ್ತೋ ಇವನು ಕೊನೆಗೂ ಕೇಳಲಿಲ್ಲ. ಕೇಳಬಾರದೆಂಬುದು ಮನೆಯೊಳಗೂ ನಡೆಯುತ್ತಿತ್ತು. ಈಚೆಯ ಸಾಹೇಬ ಹತ್ತಿರ ಬಂದು, ನಮ್ಮಲ್ಲಿ ಎದ್ದು ನಿಂತರೆ ಗೌರವ ಅಂತ ಅರ್ಥ ಡಾಕ್ಟ್ರೇ, ಬಾವುಟ ಏರಿಸುವಾಗ ನಿಲ್ತೀವಲ್ಲ ಹಾಗೆ, ನೀವು ದೇಶಕ್ಕೆ ನಿಂತ್ರಿ ಅಂತ ಮೇಲಿನವರಿಗೆ ತಿಳಿಸ್ತೀನಿ ಎಂದು ತಗ್ಗಿದ ದನಿಯಲ್ಲಿ ಹೇಳಿ ಹೋದ. ಲೋಕದಮ್ಮ ಅಲ್ಲಾಡುವ ಕುರ್ಚಿಯಿಂದ ಬಗ್ಗಿ, ತಾವೇ ಎಲ್ಲರನ್ನೂ ಒಪ್ಪಿಸಿದಿರಿ, ಈಗ ತಮ್ಮದೇ ಆಕ್ಷೇಪವೆಂದರೆ ಹೇಗೆ, ಬೇಕಾದರೆ ತಟಸ್ಥ ಎಂದು ದಾಖಲಿಸಬಹುದು ಎಂದಳು. ತಟಸ್ಥನಿಗೆ ಕೂರುವ ಭಂಗಿ ಯಾವುದು ಎಂದು ಕೇಳಬೇಕೆನಿಸಿತು ಅವನಿಗೆ.

ತಕರಾರು ತಾತ ಮಾತ್ರ ಹುಲ್ಲುಕಡ್ಡಿ ಕಚ್ಚಿಕೊಂಡು ಅವನನ್ನು ಅಡಿಯಿಂದ ಮುಡಿಯವರೆಗೆ ಪರೀಕ್ಷಿಸಿದ. “ನಿಲ್ಲೋಕೂ ಅಭ್ಯಾಸ ಬೇಕು ಡಾಕ್ಟ್ರೇ. ಮಂಡಿ ಬಿಗಿ ಹಿಡೀಬೇಡಿ, ತಲೆ ಸುತ್ತುತ್ತೆ. ಒಂದ್ಸಲ ಈ ಕಾಲು, ಒಂದ್ಸಲ ಆ ಕಾಲು.” ಆಮೇಲೆ ತನ್ನ ಕಸುಬನ್ನು ಇನ್ನೊಬ್ಬ ಮಾಡುವುದನ್ನು ಕೂತು ನೋಡಲಾರದೆ, ಮೊಣಕಾಲು ಮತ್ತೆ ಲಟಲಟ ಎನ್ನಿಸುತ್ತಾ, ಎದ್ದು ಪಕ್ಕದಲ್ಲಿ ನಿಂತುಕೊಂಡ. ಅವನು ಎದ್ದಿದ್ದೇ ತಡ, ಆಚೆ ಕಡೆ ಇಬ್ಬರು ಎದ್ದರು. ಈಚೆ ಒಬ್ಬ ಹೆಂಗಸು. ಆಮೇಲೆ ಭಾವ. ಭಾವ ಎದ್ದವನು ಇವನ ಕಡೆ ನೋಡಿ ಹುಬ್ಬು ಹಾರಿಸಿದ, ನಿನಗೆ ಗೊತ್ತಿರೋದು ನನಗೂ ಗೊತ್ತಾಯ್ತು ಎನ್ನುವ ಹಾಗೆ. ಡಾಕ್ಟರ ಎದ್ದವರ ಮುಖಗಳನ್ನು ಒಂದೊಂದಾಗಿ ನೋಡಿದ. ಏನು ಗೊತ್ತಾಯಿತು ಇವರಿಗೆ. ಯಾವುದಕ್ಕಾಗಿ ಎದ್ದರು. ಒಪ್ಪಂದದಲ್ಲಿ ಒಂದು ಮಾತಿತ್ತು, ಹುಲ್ಲಿನ ಹಿತಕ್ಕಾಗಿ ಮಹಾಮಂಡಳಿ ಬೇಕೆಂದಾಗ, ಬೇಕಾದಷ್ಟು ಕಾಲ, ದನಗಳಿಗೆ ಹುಲ್ಲುಗಾವಲನ್ನು ಮುಚ್ಚಬಹುದು ಎಂದು. ಜಗಲಿಗಳಲ್ಲಿ ಅದನ್ನು ಅವನು, ನಡುನಡುವೆ ಹುಲ್ಲಿಗೆ ಸ್ವಲ್ಪ ವಿಶ್ರಾಂತಿ ಕೊಡ್ತಾರೆ ಎಂದು ದಾಟಿಸಿದ್ದ. ಸುಳ್ಳಲ್ಲ. ಹುಲ್ಲಿಗೆ ವಿಶ್ರಾಂತಿ ಬೇಕು ಎಂಬುದು ಅವನೇ ಹೇಳುತ್ತಾ ಬಂದ ಮಾತು. ಆದರೆ ಕೊಡುವವರು ಯಾರು, ಸಾಕು ಎನ್ನುವವರು ಯಾರು ಎಂದು ಜಗಲಿಯಲ್ಲಿ ಯಾರೂ ಕೇಳಲಿಲ್ಲ, ಯಾಕೆಂದರೆ ಹೇಳುತ್ತಿದ್ದವನು ಡಾಕ್ಟರ. ಸತ್ತ ಕರುವನ್ನು ಹೊಟ್ಟೆಯಿಂದ ಎಳೆದು ತಾಯಿಯನ್ನು ಉಳಿಸಿಕೊಟ್ಟವನು ಹೇಳುತ್ತಿದ್ದಾನೆ, ಆಯ್ತಪ್ಪ ನೀನು ಹೇಳಿದರೆ ಸೈ ಎಂದಿದ್ದರು. ಅದೇ ಜನ ಅಷ್ಟೇ ಸಲೀಸಾಗಿ ಈಗ ಅವನ ಕುರುವನ್ನು ನೆಚ್ಚಿ ಎದ್ದು ನಿಂತಿದ್ದರು. ಒಪ್ಪಿದ್ದಾಗಲೂ ಅವನನ್ನು ನೋಡಿ, ಒಲ್ಲೆನೆಂದಾಗಲೂ ಅವನನ್ನು ನೋಡಿ. ಇದಕ್ಕಿಂತ ಚಕ್ರವರ್ತಿ ವಾಸಿಯಾಗಿದ್ದ. ಅವನಿಗೆ ಕನಿಷ್ಠ ತಾನು ಚಕ್ರವರ್ತಿ ಎಂಬುದು ಗೊತ್ತಿತ್ತು.

ಅತ್ತ ಕಂಬ ಹೂಳುವ ಕೆಲಸದವರು ಲಾರಿಯಿಂದ ಇಳಿದು, ನಾಳೆಗೆ ಬೇಕಾದ ಸಲಕರಣೆಗಳನ್ನು ಜೋಡಿಸುತ್ತಿದ್ದದ್ದು ಕಾಣಿಸಿತು. ಇನ್ನೂ ನಾಲ್ಕು ಜನ ಎದ್ದರೆ ಒಪ್ಪಂದ ಮುರಿದ ಹಾಗೆ, ಬೇಲಿ ಬಿದ್ದ ಹಾಗೆ, ಅಕ್ಕನ ಮನೆಗೆ ಹೋಗಲು ಪಾಸು ಬರೆಸಿದ ಹಾಗೆ. ಅವನು ಬಾಯಿ ತೆರೆದ. ದನಿ ಹೊರಟಾಗ ಅದು ತನ್ನದಲ್ಲ, ಯಾವುದೋ ಹಿಂಡಿನ ಎಳಗರುವಿನದು ಎನಿಸಿತು.

“ನಾನು ಯಾವುದಕ್ಕೂ ನಿಂತಿಲ್ಲ. ನಂಗೆ ಕೂರೋಕೆ ಆಗಲ್ಲ. ಕೂರೋ ಜಾಗದಲ್ಲಿ ಕುರು ಎದ್ದಿದೆ.”

ಮೊದಲು ಯಾರೂ ನಗಲಿಲ್ಲ. ಡಾಕ್ಟರೇನೋ ಗಹನವಾದದ್ದನ್ನು ಹೇಳಿದರೆಂದು ಒಂದಿಬ್ಬರು ತಲೆಯನ್ನೂ ಆಡಿಸಿದರು. ಆಮೇಲೆ ಹೆಂಗಸರ ಸಾಲಿನಿಂದ ಒಂದು ನಗು ಕಿಸಕ್ಕೆಂದಿತು, ಅದು ಕಲ್ಲಿನ ಸಾಲನ್ನು ದಾಟಿ ಆಚೆಗೆ ಹೋಯಿತು, ಆಚೆಯಿಂದ ದೊಡ್ಡದಾಗಿ ವಾಪಸು ಬಂತು. ಸಾಹೇಬರಿಬ್ಬರೂ ಬೇರೆಬೇರೆ ದಿಕ್ಕಿಗೆ ತಿರುಗಿ ಒಂದೇ ರೀತಿ ಕೆಮ್ಮಿದರು. ಎದ್ದವರು ಪೆಚ್ಚಾಗಿ ಒಬ್ಬೊಬ್ಬರೇ ಕೂತರು. ತಕರಾರು ತಾತ ಬಹಳ ಅಸಹ್ಯದಿಂದ ಇವನನ್ನು ನೋಡಿ, ಇಷ್ಟಕ್ಕಾ ಎಂದು, ಕೊನೆಯವನಾಗಿ ಕೂತ. ಈಗ ಉಳಿದದ್ದು ಕೂರಲಾರದವನ ಪ್ರಶ್ನೆ. ಲೋಕದಮ್ಮ, ಇಂಥ ಸಂದರ್ಭದಲ್ಲಿ ತಮ್ಮಲ್ಲಿ ಪ್ರತಿನಿಧಿಯನ್ನು ನೇಮಿಸುತ್ತಾರೆ, ಅವರ ಪರವಾಗಿ ಇನ್ನೊಬ್ಬರು ಕೂರಬಹುದು ಎಂದಳು. ಒಬ್ಬರು ಎರಡು ಸಲ ಹೇಗೆ ಕೂರುತ್ತಾರೆ ಎಂದು ಕೂಟಕ್ಕೆ ಅರ್ಥವಾಗಲಿಲ್ಲ. ಈಚೆಯ ಸಾಹೇಬ, ಸರ್ಕಾರಿ ಡಾಕ್ಟರ ಸರ್ಟಿಫಿಕೇಟು ಇದ್ದರೆ ವಿನಾಯಿತಿ ಕೊಡಬಹುದೆಂದ. ಇವರೇ ಸರ್ಕಾರಿ ಡಾಕ್ಟರು, ತಮಗೆ ತಾವೇ ಬರ್ಕೊಂಡ್ರೆ ನಡೆಯುತ್ತಾ ಎಂದು ಯಾರೋ ಕೇಳಿದರು. ಅದು ದನಕ್ಕೆ ಮಾತ್ರ ನಡೆಯೋದು ಎಂದು ಇನ್ಯಾರೋ. ಭಾವ, ಚಕ್ರವರ್ತಿಯ ಕಾಲದಲ್ಲಾಗಿದ್ದರೆ ಎಂದು ಬಾಯಿ ತೆರೆದವನು ಅಕ್ಕ ತೊಡೆ ಚಿವುಟಿದ್ದಕ್ಕೆ ಸುಮ್ಮನಾದ. ದೊಡ್ಡಮ್ಮ ಕಣ್ಣು ಮುಚ್ಚಿ ಹಿಂದಿನದನ್ನೆಲ್ಲ ನೆನೆಸಿಕೊಂಡಳು. ತುಂಬಿದ ಬಸುರಿಯೊಬ್ಬಳು ಕಲ್ಲಿಗೆ ಒರಗಿದ್ದನ್ನು ಕೂತಿದ್ದು ಎಂದು ಹಿಡಿದಿದ್ದರು. ಕೂಟದ ನಡುವೆಯೇ ಜೀವ ಬಿಟ್ಟ ಒಬ್ಬನನ್ನೂ ಕೂತಿದ್ದಾನೆ ಎಂದೇ ಹಿಡಿದಿದ್ದರು, ಬಿದ್ದದ್ದು ಮಗ್ಗುಲಾಗಿಯಾದರೂ.

“ಸತ್ತೋನು ಮಲಗಿದ್ದು ನಡೀತು ಅಂದ್ಮೇಲೆ ಬದುಕಿರೋನದ್ದು ಯಾಕೆ ನಡೀಬಾರದು. ಬೋರಲು ಮಲಗಪ್ಪ ಮಗ. ಹೊಟ್ಟೆ ನೆಲಕ್ಕೆ ತಾಗಿದ್ರೆ ಸೈ.”

ಅವನು ತಕ್ಷಣ ಮಲಗಲಿಲ್ಲ. ಇನ್ನು ಕುರುವಿನ ನೆಪವಿರಲಿಲ್ಲ. ಇನ್ನು ನಿಂತರೆ ತಾನೇ ನಿಂತಂತೆ, ಮಲಗಿದರೆ ತಾನೇ ಮಲಗಿದಂತೆ. ಹುಲ್ಲಿಗೆ ವಿಶ್ರಾಂತಿ ಅಂದೆನಲ್ಲ, ಅದರ ಪೂರ್ತಿ ಅರ್ಥ ಇದು ಎಂದು ಈಗ ಹೇಳಬಹುದು. ನನಗೊಂದು ಹುದ್ದೆ ಸಿಗುತ್ತದೆ ಎಂದೂ ಹೇಳಬಹುದು. ಹೇಳಿದರೆ ಎಲ್ಲರೂ ಏಳುತ್ತಾರೆ, ನಾಳೆ ಬೇಲಿ. ಹೇಳದಿದ್ದರೆ ಬೇಲಿಯಿಲ್ಲ, ಒಂದು ದಿನ ದೂರದ ಸಭಾಂಗಣದಲ್ಲಿ ಯಾರೋ ಅಕ್ಷರಕ್ರಮದಲ್ಲಿ ಕೂತು ಹುಲ್ಲುಗಾವಲನ್ನು ಮುಚ್ಚುತ್ತಾರೆ, ಅಲ್ಲೇ ಒಂದು ಫಲಕದ ಹಿಂದೆ ಬೆನ್ನು ನೆಟ್ಟಗೆ ಮಾಡಿಕೊಂಡು ತಾನೂ ಇರುತ್ತಾನೆ. ಒಂದು ನಿಜ ಹೇಳುವ ಧೈರ್ಯವನ್ನು ಈಗತಾನೆ ಖರ್ಚು ಮಾಡಿಬಿಟ್ಟಿದ್ದ. ಇನ್ನೊಂದಕ್ಕೆ ಒಳಗೆ ಏನೂ ಉಳಿದಿರಲಿಲ್ಲ. ಅವನು ಮೊಣಕಾಲೂರಿ, ಅಂಗೈಯೂರಿ, ಎರಡು ದೇಶಗಳಿಗೂ ಲೋಕಕ್ಕೂ ಹಿಂಭಾಗ ತೋರಿಸುತ್ತಾ, ಮೆಲ್ಲಗೆ ಬೋರಲಾದ. ಹುಲ್ಲು ಕೆನ್ನೆಗೆ ತಣ್ಣಗೆ ತಾಗಿತು. ಕಣ್ಣಿನ ಮಟ್ಟದಲ್ಲಿ ಒಂದು ಸಗಣಿಹುಳು ತನ್ನ ಉಂಡೆಯನ್ನು ಹಿಂಗಾಲಿನಿಂದ ತಳ್ಳಿಕೊಂಡು ಕಲ್ಲಿನ ಸಾಲಿನ ಕಡೆಗೆ ಹೊರಟಿತ್ತು. ಆಯಿತು, ಮುಗಿಯಿತು ಎಂದು ಅವನು ಕಣ್ಣು ಮುಚ್ಚಿದ. ದೊಡ್ಡಮ್ಮ ಕೋಲನ್ನು ಎತ್ತಿಕೊಳ್ಳುವ ಸದ್ದಿಗಾಗಿ ಕಾದ.

ಸದ್ದು ಬರಲಿಲ್ಲ. ಬದಲಿಗೆ ಕೂಟ ಉಸಿರು ಹಿಡಿದದ್ದು ನೆಲದ ಮೂಲಕವೇ ಕೇಳಿಸಿತು. ಕಣ್ಣು ಬಿಟ್ಟರೆ ಹುಲ್ಲಿನ ನಡುವೆ ಮಡಿಸಿದ ಮೊಣಕಾಲುಗಳು, ಮೊಣಕಾಲುಗಳು, ಅವುಗಳ ನಡುವೆ ನೆಟ್ಟಗೆ ನಿಂತ ಒಂದು ಜೊತೆ ಕಾಲು. ಹಿಮ್ಮಡಿ ಬಿರಿದಿತ್ತು. ಎಡಗಾಲಿನ ಹೆಬ್ಬೆರಳಿನ ಉಗುರು ಹಸು ತುಳಿದು ಕಪ್ಪಾಗಿತ್ತು. ಅದಕ್ಕೂ ಕೆಚ್ಚಲಿನ ಮುಲಾಮನ್ನೇ ಹಚ್ಚಿದ್ದು ನೆನಪಾಯಿತು. ಅವನು ಕತ್ತು ಎತ್ತಿದಷ್ಟೂ ಎತ್ತಿ ನೋಡಿದ. ಹೆಂಡತಿ ಯಾರ ಕಡೆಗೂ ನೋಡದೆ, ಮಂಡಿ ಬಿಗಿಹಿಡಿಯದೆ, ಬಸ್ಸಿಗೆ ಕಾಯುವವಳ ಹಾಗೆ ನಿಂತಿದ್ದಳು. ಅವಳಿಗೆ ಕುರು ಇರಲಿಲ್ಲ. ಅವಳಿಗೆ ಎಲ್ಲವೂ ಗೊತ್ತಿತ್ತು. ಲೋಕದಮ್ಮ ಕುರ್ಚಿ ಬಿಟ್ಟು ಬಂದು ಇವನ ಕಿವಿಯ ಹತ್ತಿರ ಕುಕ್ಕರುಗಾಲಿನಲ್ಲಿ ಕೂತು, ತಮ್ಮ ಮನೆಯವರಿಗೆ ಏನು ಬೇಕಂತೆ, ದಯವಿಟ್ಟು ಕೇಳಿ ಎಂದಳು. ಕೇಳುವಂತಿಲ್ಲ ಎಂದ ಅವನು. ಗಂಡ ಹೆಂಡತಿಯನ್ನು ಕೇಳುವುದಕ್ಕೂ ನಿಯಮವೇ ಎಂದಳು ಅವಳು. ಇಷ್ಟು ವರ್ಷ ಮನೆಯಲ್ಲಿ ಕೇಳಬಹುದಾಗಿದ್ದಾಗ ಕೇಳಿರಲಿಲ್ಲ, ಈಗ ಕೇಳುವಂತಿಲ್ಲ ಎಂದು ಹೇಳಲು ಅವನ ಬಾಯಿ ಹುಲ್ಲಿಗೆ ತೀರ ಹತ್ತಿರವಿತ್ತು.

ಬಿಸಿಲು ಇಳಿಯಿತು. ಹಸುಗಳು ಕೂಗಿಕೊಂಡವು. ಹೆಂಡತಿ ಹಸುಗಳ ಕಡೆ ನೋಡಿದಳು, ಕೂರಲಿಲ್ಲ. ಈಚೆಯ ಸಾಹೇಬ ಇನ್ನು ತಡೆಯಲಾರದೆ ದೊಡ್ಡಮ್ಮನ ಹತ್ತಿರ ಬಂದು, ತೀರ್ಮಾನ ಆಗಲಿಲ್ಲ ಅಂದ್ಮೇಲೆ ಎಲ್ಲರೂ ಎದ್ದು ಮನೆಗೆ ಹೋಗಿ ಎಂದ. ಬೆಳಿಗ್ಗೆ ಇಲ್ಲೇ, ಈ ಗೆರೆಯ ಮೇಲೇ, ಗುಂಡಿ ತೋಡಬೇಕು.

“ಒಬ್ಬಳು ನಿಂತಿದಾಳಲ್ಲಪ್ಪ. ಹೋಗೋಹಾಗಿಲ್ಲ.”

“ಮತ್ತೆ ಎಷ್ಟು ಹೊತ್ತು ಹೀಗೆ?”

“ಅವಳು ಕೂರೋತನಕ,” ಎಂದಳು ದೊಡ್ಡಮ್ಮ, ಮತ್ತು ಮೊದಲ ಬಾರಿಗೆ ಕಂಬಗಳ ರಾಶಿಯ ಕಡೆಗೆ ತಿರುಗಿ ನೋಡಿದಳು. ಆಮೇಲೆ ಡಾಕ್ಟರನ ಹೆಂಡತಿಯ ಕಡೆಗೆ. ಬೊಚ್ಚುಬಾಯಿ ಮೆಲ್ಲಗೆ ಅಗಲವಾಯಿತು. ಆ ನಗು ವರ್ತುಲದಲ್ಲಿ ಒಬ್ಬರಿಂದೊಬ್ಬರಿಗೆ ಹರಿಯಿತು. ಅಕ್ಕ ಆಚೆಯಿಂದ ಕೂತಲ್ಲಿಂದಲೇ ಕೂಗಿ, ಹಸುಗಳನ್ನು ಇಲ್ಲಿಗೇ ಹೊಡಕೊಂಡು ಬರಲಿ, ಕೂತೇ ಕರೆದರಾಯಿತು ಎಂದಳು. ಹಾಸಿಗೆ ಹೊದಿಕೆಯ ಮಾತು ಎದ್ದಿತು, ಹಾಸುವಂತಿಲ್ಲ ಹೊದೆಯಬಹುದು ಎಂದು ತಕರಾರು ತಾತ ನಿಯಮ ಹೇಳಿದ, ತಕರಾರಿಲ್ಲದೆ. ಸಾಹೇಬರಿಬ್ಬರೂ ತಂತಮ್ಮ ಮೇಲಿನವರಿಗೆ ಫೋನು ಹಚ್ಚಿ, ಅಡ್ಡಲಾಗಿ ಜನ ಕೂತಿದ್ದಾರೆ, ಇಲ್ಲ ಸರ್, ಗಲಾಟೆ ಇಲ್ಲ, ಸುಮ್ಮನೆ ಕೂತಿದ್ದಾರೆ, ಒಬ್ಬರು ಮಾತ್ರ ನಿಂತಿದ್ದಾರೆ ಸರ್ ಎಂದು ವಿವರಿಸತೊಡಗಿದರು.

ಅವಳು ಹೀಗೆ ಬೇಲಿ ತಡೆಯಲೆಂದೇ ನಿಂತಳೋ, ಹುಲ್ಲುಗಾವಲು ಮುಚ್ಚುವ ಮಾತಿಗೆ ನಿಂತಳೋ, ಗಂಡನಿಗೆ ಸಿಗಲಿದ್ದ ಹುದ್ದೆಗೋ, ಇಲ್ಲ ಮಲಗಿದ ಗಂಡನನ್ನು ನೋಡಿ ತಡೆಯಲಾರದೆ ನಿಂತಳೋ, ಅವನಿಗೆ ತಿಳಿಯಲಿಲ್ಲ. ಅವನು ಮೊಣಕೈಗಳ ಮೇಲೆ ತೆವಳಿಕೊಂಡು, ನಡುವೆ ಕೂತವರ ಮೊಣಕಾಲುಗಳನ್ನು ಬಳಸಿಕೊಂಡು, ಆ ಕಾಲುಗಳ ಹತ್ತಿರ ಹೋದ. ಯಾಕೆ ಎಂಬುದೊಂದನ್ನು ಬಿಟ್ಟು ಕೇಳಬಹುದಾದ್ದು ಏನಿದೆ ಎಂದು ಹುಡುಕಿದ.

“ಕಾಲು ನೋಯಲ್ವೇನೇ?”

“ನೋಯುತ್ತೆ,” ಎಂದಳು ಅವಳು, ಕೆಳಗೆ ನೋಡದೆ. “ಸ್ವಲ್ಪ ಒತ್ತಿ.”

ಅವನು ಐದೂರು, ಎರಡು ಸರ್ಕಾರ ಮತ್ತು ಸಮಸ್ತ ಮಾನವಕುಲದ ಎದುರಿಗೆ, ಬೋರಲು ಮಲಗಿಕೊಂಡೇ, ಹೆಂಡತಿಯ ಕಾಲು ಒತ್ತತೊಡಗಿದ.